ಹೋಲಿಕೆಗೆ ಉಳಿದವರು

2020ರ ಮಾರ್ಚ್ 10ರ ರಾತ್ರಿ ಕಲಬುರಗಿಯ ಹಿರಿಯರೊಬ್ಬರು ತೀರಿಕೊಂಡರು. ಎರಡು ದಿನಗಳ ನಂತರ ಅದು ಭಾರತದ ಮೊದಲ ಕೋವಿಡ್ ಸಾವು ಎಂದು ಖಚಿತವಾಯಿತು. ಈ ನಡುವೆ, ಮಾರ್ಚ್ 11ರಂದು ರಾಜ್ಯ ಸರ್ಕಾರ ಕೋವಿಡ್ ನಿಯಮಗಳನ್ನು ಹೊರಡಿಸಿತು. ಅದಕ್ಕೆ ಆಧಾರವಾಗಿದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಮುಂಬಯಿಗೆ ಪ್ಲೇಗು ಬಂದಾಗ ಬ್ರಿಟಿಷರು ಅವಸರದಲ್ಲಿ ಮಾಡಿದ ಆ ಕಾಯ್ದೆ ನೂರಿಪ್ಪತ್ತಮೂರು ವರ್ಷಗಳ ಮೇಲೆ ಕಲಬುರಗಿಯ ಬೀದಿಗಳನ್ನು ಮುಚ್ಚಿಸಿತು.

ಪ್ಲೇಗಿನ ಕಾಲದಿಂದ ನಮ್ಮ ಕಾಲಕ್ಕೆ ಬಂದದ್ದು ಕಾಯ್ದೆಯೊಂದೇ ಅಲ್ಲ. ವೈದ್ಯಲೋಕವನ್ನು ಆಗ ಕಾಡಿದ ಒಂದು ಇಕ್ಕಟ್ಟೂ ಜೊತೆಗೆ ಬಂದಿದೆ. ಒಂದು ಮದ್ದು ಕೆಲಸ ಮಾಡುತ್ತದೆಯೇ ಎಂದು ತಿಳಿಯಬೇಕಾದರೆ ಅದನ್ನು ತೆಗೆದುಕೊಳ್ಳದವರೂ ಬೇಕು. ಹೋಲಿಸಿ ನೋಡದೆ ಗುಣದೋಷ ಹೇಳುವುದು ಸಾಧ್ಯವಿಲ್ಲ. ಆದರೆ ಲಸಿಕೆಯೊಂದು ಊರೂರು ತಲುಪುತ್ತ ಹೋದಂತೆ ತೆಗೆದುಕೊಳ್ಳದವರ ಸಂಖ್ಯೆ ಕರಗುತ್ತದೆ. ಮುಂದಿನ ಲಸಿಕೆಗೆ, ಮುಂದಿನ ಔಷಧಕ್ಕೆ ಪ್ರಯೋಗ ನಡೆಸುವವರು ಜನರನ್ನು ಹುಡುಕಿಕೊಂಡು ಅಲೆಯಬೇಕಾಗುತ್ತದೆ. ಹಾಗೆ ಅಲೆದವರು ಕೊನೆಗೆ ಎಲ್ಲಿಗೆ ಬರುತ್ತಾರೆ? ಲಸಿಕೆ ಇನ್ನೂ ತಲುಪದ ಜಾಗಕ್ಕೆ. ಆ ಜಾಗ ಯಾವುದು, ಅಲ್ಲಿರುವವರು ಯಾರು ಎಂಬುದು ವಿಜ್ಞಾನಕ್ಕೆ ಎಷ್ಟು ಸಂಬಂಧಿಸಿದ್ದೋ ಚರಿತ್ರೆಗೂ ಅಷ್ಟೇ ಸಂಬಂಧಿಸಿದ್ದು.

ಈ ಇಕ್ಕಟ್ಟು ಮೊದಲು ಎದ್ದು ಕಂಡ ಊರುಗಳಲ್ಲಿ ಒಂದು ನಮ್ಮ ಹುಬ್ಬಳ್ಳಿ.

ವಾಲ್ಡೆಮಾರ್ ಹಾಫ್‌ಕಿನ್ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡ. ಅದೇ ತಿಂಗಳ ಕೊನೆಗೆ ಬೈಕುಲ್ಲಾ ಜೈಲಿನಲ್ಲಿ ಪ್ಲೇಗು ಕಾಣಿಸಿತು. ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಚುಚ್ಚಿಸಿಕೊಂಡರು, ಉಳಿದವರು ಇಲ್ಲ. ಚುಚ್ಚಿಸಿಕೊಳ್ಳದವರಲ್ಲಿ 12 ಮಂದಿಗೆ ಪ್ಲೇಗು ತಗುಲಿ 6 ಮಂದಿ ಸತ್ತರು. ಚುಚ್ಚಿಸಿಕೊಂಡವರಲ್ಲಿ 2 ಮಂದಿಗೆ ತಗುಲಿತು, ಯಾರೂ ಸಾಯಲಿಲ್ಲ. ಮರುವರ್ಷ ಬರೋಡದ ಬಳಿಯ ಉಂಧೇರಾ ಹಳ್ಳಿಯಲ್ಲಿ ಹಾಫ್‌ಕಿನ್ ಒಂದೊಂದು ಮನೆಯೊಳಗೂ ಕೆಲವರಿಗೆ ಕೊಟ್ಟು ಕೆಲವರನ್ನು ಬಿಟ್ಟ. ಪ್ಲೇಗು ಹೊಕ್ಕ ಮನೆಗಳಲ್ಲಿ ಚುಚ್ಚಿಸಿಕೊಂಡಿದ್ದ 71 ಮಂದಿಯಲ್ಲಿ 3 ಸಾವು, ಚುಚ್ಚಿಸಿಕೊಳ್ಳದ 64 ಮಂದಿಯಲ್ಲಿ 26 ಸಾವು. ಒಂದೇ ಸೂರು, ಒಂದೇ ಒಲೆ. ಆದ್ದರಿಂದ ಎರಡೂ ಗುಂಪನ್ನು ಅಕ್ಕಪಕ್ಕ ಇಟ್ಟು ನೋಡಬಹುದಿತ್ತು. ಬಿಟ್ಟುಹೋದ ಆ 64 ಮಂದಿಯನ್ನು ಯಾರು, ಏನು ಕೇಳಿ ಬಿಟ್ಟರು ಎಂಬ ಪ್ರಶ್ನೆ ಆ ಕಾಲದ ವೈದ್ಯರನ್ನು ಹೆಚ್ಚು ಕಾಡಿದಂತಿಲ್ಲ.

ಹುಬ್ಬಳ್ಳಿಯ ಕಥೆ ಬೇರೆ. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು, ಹುಬ್ಬಳ್ಳಿ ಸದರ್ನ್ ಮರಾಠಾ ರೈಲ್ವೆಯ ದೊಡ್ಡ ಕೇಂದ್ರವಾಗಿತ್ತು. ಸುಮಾರು 50,000 ಜನರ ವ್ಯಾಪಾರದ ಊರು. 1898ರ ಮೇ ತಿಂಗಳಲ್ಲಿ ವೈದ್ಯಾಧಿಕಾರಿ ಲ್ಯೂಮನ್ ಅಲ್ಲಿ ಚುಚ್ಚುಮದ್ದಿನ ಕೆಲಸ ಶುರುಮಾಡಿದ. ಸೆಪ್ಟೆಂಬರ್ ಹೊತ್ತಿಗೆ ಚುಚ್ಚಿಸಿಕೊಂಡವರ ಸಂಖ್ಯೆ ಮೂವತ್ತು ಸಾವಿರ ದಾಟಿತ್ತು. ಭಾರತದಲ್ಲಿ ಅಷ್ಟು ಕಡಿಮೆ ಅವಧಿಯಲ್ಲಿ ಇಡೀ ಪಟ್ಟಣವೊಂದು ಹೊಸ ಲಸಿಕೆ ಹಾಕಿಸಿಕೊಂಡ ಉದಾಹರಣೆ ಅದಕ್ಕೂ ಮೊದಲು ಸಿಗುವುದು ಕಷ್ಟ.

ಜನ ಯಾಕೆ ಬಂದರು? ಭಯ ಒಂದು ಕಾರಣ. ಇನ್ನೊಂದು ಕಾರಣ ಕಾಗದ. ಚುಚ್ಚಿಸಿಕೊಂಡವರಿಗೆ ಪ್ರಮಾಣಪತ್ರ ಸಿಗುತ್ತಿತ್ತು. ಅದಿದ್ದರೆ ಪ್ರತ್ಯೇಕವಾಸದ ಶಿಬಿರಗಳ ಕಾಟದಿಂದ ವಿನಾಯಿತಿ. ಪ್ಲೇಗಿನ ಹೆಸರಿನಲ್ಲಿ ಮನೆ ಹೊಕ್ಕು ಸಾಮಾನು ಬೀದಿಗೆಸೆಯುತ್ತಿದ್ದ ಕಾಲ ಅದು. ಹಿಂದಿನ ವರ್ಷವಷ್ಟೇ ಪುಣೆಯಲ್ಲಿ ಅಂಥ ಕಾರ್ಯಾಚರಣೆಯ ಮುಖ್ಯಸ್ಥ ರ‍್ಯಾಂಡ್‌ನನ್ನು ಚಾಪೇಕರ್ ಸಹೋದರರು ಕೊಂದಿದ್ದರು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡವರಿಗೆ ಊರೊಳಗಿನ ದುಡಿಮೆ ಮತ್ತೆ ಬೇಕಿತ್ತು. ಹೀಗಾಗಿ ಸೂಜಿ ಕಡ್ಡಾಯವಲ್ಲದಿದ್ದರೂ ಬೇಡ ಎನ್ನುವುದು ಅಷ್ಟು ಸುಲಭವೂ ಆಗಿರಲಿಲ್ಲ.

ಹುಬ್ಬಳ್ಳಿಯ ಅಂಕಿಅಂಶಗಳು ಹಾಫ್‌ಕಿನ್‌ಗೆ ದೊಡ್ಡ ಆಧಾರವಾದವು. ವಾರವಾರವೂ ಚುಚ್ಚಿಸಿಕೊಂಡವರ ಸಾವು ಎಷ್ಟು, ಚುಚ್ಚಿಸಿಕೊಳ್ಳದವರ ಸಾವು ಎಷ್ಟು ಎಂದು ಪಟ್ಟಿ ಬರೆದಿದ್ದರು. ಮೇ ತಿಂಗಳಲ್ಲಿ ಚುಚ್ಚಿಸಿಕೊಳ್ಳದವರೇ ಊರು. ಸೆಪ್ಟೆಂಬರ್ ಹೊತ್ತಿಗೆ ಅವರು ಊರಿನ ಅಂಚಿಗೆ ಸರಿದ ಸಣ್ಣ ಗುಂಪು. ಆ ಸಣ್ಣ ಗುಂಪಿನಲ್ಲಿ ಸಾವಿನ ಪ್ರಮಾಣ ಭಯಂಕರವಾಗಿ ಕಾಣುತ್ತಿತ್ತು. ಲಸಿಕೆಯ ಪರವಾಗಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ ಎನ್ನಿಸುವಂತಿತ್ತು.

ಪ್ರೊಫೆಸರ್ ಫ್ರೇಸರ್ ಅಧ್ಯಕ್ಷತೆಯ ಪ್ಲೇಗ್ ಆಯೋಗ ಈ ಸಾಕ್ಷಿಯನ್ನು ಒಂದೊಂದಾಗಿ ಬಿಡಿಸಿ ನೋಡಿತು. ಚುಚ್ಚಿಸಿಕೊಂಡವರ ಲೆಕ್ಕ ರಿಜಿಸ್ಟರಿನಲ್ಲಿತ್ತು. ಚುಚ್ಚಿಸಿಕೊಳ್ಳದವರ ಲೆಕ್ಕ ಎಲ್ಲಿಂದ ಬಂತು? ಊರಿನ ಒಟ್ಟು ಜನಸಂಖ್ಯೆಯಿಂದ ಚುಚ್ಚಿಸಿಕೊಂಡವರನ್ನು ಕಳೆದರೆ ಉಳಿದದ್ದು ಅವರು. ಆದರೆ ಊರಿನ ಒಟ್ಟು ಜನಸಂಖ್ಯೆ ಆ ತಿಂಗಳುಗಳಲ್ಲಿ ಎಷ್ಟೆಂದು ಸರಿಯಾಗಿ ಹೇಳಬಲ್ಲವರು ಯಾರು? ಕೆಲವರು ಓಡಿಹೋಗಿದ್ದರು, ಕೆಲವರು ಮರಳಿದ್ದರು, ಇನ್ನು ಕೆಲವರು ಯಾರ ಪಟ್ಟಿಯಲ್ಲೂ ಇರಲಿಲ್ಲ. ದೊಡ್ಡ ಸಂಖ್ಯೆಯಲ್ಲಿ ಒಂದು ಸಾವಿರ ಹೆಚ್ಚುಕಡಿಮೆಯಾದರೆ ನಡೆಯುತ್ತದೆ. ಕೆಲವೇ ಸಾವಿರ ಉಳಿದಾಗ ಅದೇ ತಪ್ಪು ಇಡೀ ಲೆಕ್ಕವನ್ನೇ ಬುಡಮೇಲು ಮಾಡುತ್ತದೆ. ಲಸಿಕೆ ಪ್ಲೇಗನ್ನೂ ಪ್ಲೇಗಿನ ಸಾವನ್ನೂ ಗಣನೀಯವಾಗಿ ತಗ್ಗಿಸುತ್ತದೆ ಎಂಬುದನ್ನು ಆಯೋಗ ಒಪ್ಪಿತು. ಎಷ್ಟು ತಗ್ಗಿಸುತ್ತದೆ ಎಂಬ ಹುಬ್ಬಳ್ಳಿಯ ಅಂಕಿಗಳನ್ನು ಹಾಗೆಯೇ ನಂಬಲಿಲ್ಲ.

ಇನ್ನೊಂದು ತೊಡಕು ಎಣಿಕೆಗಿಂತ ಆಳದ್ದು. ಊರಿಗೆ ಊರೇ ಚುಚ್ಚಿಸಿಕೊಂಡ ಮೇಲೂ ಉಳಿದವರು ಉಳಿದವರಂತಿರುವುದಿಲ್ಲ. ಹಾಸಿಗೆ ಹಿಡಿದವರು, ತೀರ ಬಡವರು, ಸರ್ಕಾರದ ಕಣ್ಣಿಗೆ ಬೀಳದಿರಲೆಂದು ಅಡಗಿದವರು, ಯಾರೂ ಹೋಗಿ ಕೇಳದ ಕೇರಿಯವರು ಆ ಗುಂಪಿನಲ್ಲಿ ಹೆಚ್ಚಾಗುತ್ತಾರೆ. ಅಂಥವರು ಪ್ಲೇಗಿಗೆ ಹೆಚ್ಚು ಬಲಿಯಾದರೆ ಅದು ಸೂಜಿ ಇಲ್ಲದ್ದಕ್ಕೋ, ಅನ್ನ ಇಲ್ಲದ್ದಕ್ಕೋ? ಬೈಕುಲ್ಲಾದಲ್ಲೂ ಉಂಧೇರಾದಲ್ಲೂ ಇಬ್ಬಗೆಯವರೂ ಒಂದೇ ಬಗೆಯ ಜನ ಎಂದು ನಂಬಲು ಕಾರಣವಿತ್ತು. ಹುಬ್ಬಳ್ಳಿಯಲ್ಲಿ ಲಸಿಕೆ ಗೆದ್ದಿತು, ಹೋಲಿಕೆ ಸೋತಿತು.

ಇಪ್ಪತ್ತನೆಯ ಶತಮಾನದಲ್ಲಿ ಪ್ರಯೋಗಗಳ ವಿಧಾನ ಪಕ್ವವಾಯಿತು. ಯಾರಿಗೆ ಮದ್ದು, ಯಾರಿಗೆ ಹುಸಿಮದ್ದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವುದು, ಕೊಡುವವರಿಗೂ ಪಡೆಯುವವರಿಗೂ ಅದು ಗೊತ್ತಾಗದಂತೆ ನೋಡಿಕೊಳ್ಳುವುದು ರೂಢಿಯಾಯಿತು. ಆದರೂ ಹುಬ್ಬಳ್ಳಿಯ ಇಕ್ಕಟ್ಟು ಹೋಗಲಿಲ್ಲ. 1954ರಲ್ಲಿ ಅಮೆರಿಕದಲ್ಲಿ ಜೋನಾಸ್ ಸಾಕ್ ಅವರ ಪೋಲಿಯೊ ಲಸಿಕೆಯ ಪ್ರಯೋಗಕ್ಕೆ 18 ಲಕ್ಷದಷ್ಟು ಮಕ್ಕಳು ಸೇರಿದರು. ಮರುವರ್ಷ ಅದು ಯಶಸ್ವಿ ಎಂದು ಘೋಷಣೆಯಾಗಿ ಆ ದೇಶದ ಮಕ್ಕಳೆಲ್ಲ ಲಸಿಕೆ ಪಡೆಯತೊಡಗಿದರು. ಅದೇ ಹೊತ್ತಿಗೆ ಆಲ್ಬರ್ಟ್ ಸೇಬಿನ್ ಬಾಯಿಗೆ ಹನಿ ಹಾಕುವ ಲಸಿಕೆ ಸಿದ್ಧಪಡಿಸಿದ್ದರು. ಪರೀಕ್ಷಿಸಲು ಅಮೆರಿಕದಲ್ಲಿ ಮಕ್ಕಳು ಎಲ್ಲಿದ್ದಾರೆ? ಸಾಕ್ ಲಸಿಕೆ ಆಗಲೇ ಅವರನ್ನು ಮುಟ್ಟಿತ್ತು. ಶೀತಲ ಸಮರದ ನಡುವೆಯೂ ಸೇಬಿನ್ ತಮ್ಮ ವೈರಾಣು ತಳಿಗಳನ್ನು ಸೋವಿಯತ್ ಒಕ್ಕೂಟದ ಮಿಖಾಯಿಲ್ ಚುಮಕೋವ್ ಅವರಿಗೆ ಕೊಟ್ಟರು. 1959ರಲ್ಲಿ ಅಲ್ಲಿ ಲಕ್ಷಗಟ್ಟಲೆ ಮಕ್ಕಳು ಆ ಹನಿ ಕುಡಿದರು. ನಮ್ಮ ಪಲ್ಸ್ ಪೋಲಿಯೊ ಹನಿಯ ಹಿಂದೆ ಇರುವುದು ಈ ಪ್ರಯಾಣ.

ಇನ್ನೂ ಹತ್ತಿರದ ಉದಾಹರಣೆ ಬೆಂಗಳೂರಿನದು. 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ತಜ್ಞರು ದೇಶದಲ್ಲಿ ಕ್ಷಯದ ಸೋಂಕು ಎಷ್ಟು ವೇಗವಾಗಿ ಹರಡುತ್ತಿದೆ ಎಂದು ಮಕ್ಕಳಲ್ಲಿ ಚರ್ಮದ ಪರೀಕ್ಷೆ ಮಾಡಿ ಅಳೆಯುತ್ತಿದ್ದರು. ಬಿಸಿಜಿ ಲಸಿಕೆ ಆ ಪರೀಕ್ಷೆಯ ಫಲಿತಾಂಶವನ್ನು ಕಲಸಬಹುದು. ಹಾಗಾಗಿ 2000ದಿಂದ 2003ರವರೆಗೆ ನಡೆದ ದೇಶವ್ಯಾಪಿ ಸಮೀಕ್ಷೆಯಲ್ಲಿ ಬಿಸಿಜಿಯ ಕಲೆ ಇಲ್ಲದ ಮಕ್ಕಳ ಫಲಿತಾಂಶವನ್ನೇ ಲೆಕ್ಕಕ್ಕೆ ಹಿಡಿದರು. ಆದರೆ 1985ರ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ನಂತರ ಕಲೆ ಇಲ್ಲದ ತೋಳು ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತಿತ್ತು. ಅಂಥ ಮಕ್ಕಳು ಸಿಗುವುದು ಲಸಿಕೆ ತಲುಪದ ಮನೆಗಳಲ್ಲಿ. ಅದನ್ನರಿತ ಸಂಶೋಧಕರು ಕಲೆ ಇರುವ ಮಕ್ಕಳನ್ನೂ ಸೇರಿಸಿಕೊಂಡು ಅಳೆಯಬಹುದೇ ಎಂದು ಬೇರೆ ಅಧ್ಯಯನಗಳನ್ನೇ ಮಾಡಬೇಕಾಯಿತು. ಲಸಿಕೆ ಹರಡಿದಾಗ ಅಳತೆಗೋಲೂ ಬದಲಾಗಬೇಕು ಎಂಬುದಕ್ಕೆ ಇದು ಸದ್ದಿಲ್ಲದ ಸಾಕ್ಷಿ.

ಮತ್ತೆ 2020ಕ್ಕೆ ಬರೋಣ. ಕಲಬುರಗಿಯ ಆ ಸಾವಿನ ನಾಲ್ಕು ತಿಂಗಳ ನಂತರ, ಜುಲೈನಲ್ಲಿ, ಕೋವ್ಯಾಕ್ಸಿನ್‌ನ ಮೊದಲ ಹಂತದ ಪ್ರಯೋಗ ಶುರುವಾಯಿತು. ದೇಶದಲ್ಲಿ ಆಯ್ಕೆಯಾದ 12 ಕೇಂದ್ರಗಳಲ್ಲಿ ಬೆಳಗಾವಿಯ ಜೀವನ್ ರೇಖಾ ಆಸ್ಪತ್ರೆಯೂ ಒಂದು. ಆಗ ಯಾರ ಬಳಿಯೂ ಲಸಿಕೆ ಇರಲಿಲ್ಲ. ಪ್ರಯೋಗಕ್ಕೆ ಸೇರುವುದೇ ಲಸಿಕೆ ಸಿಗುವ ಏಕೈಕ ದಾರಿಯಾಗಿತ್ತು. ಡಿಸೆಂಬರ್ ಬರುವಷ್ಟರಲ್ಲಿ ಗಾಳಿ ತಿರುಗಿತು. ಮೂರನೆಯ ಹಂತಕ್ಕೆ ದೆಹಲಿಯ ಏಮ್ಸ್‌ಗೆ ಸುಮಾರು 1,500 ಸ್ವಯಂಸೇವಕರು ಬೇಕಿತ್ತು, ಸಿಕ್ಕಿದ್ದು 200ರಷ್ಟು. ಇನ್ನು ಸ್ವಲ್ಪ ದಿನದಲ್ಲಿ ಎಲ್ಲರಿಗೂ ಲಸಿಕೆ ಬರುವುದಾದರೆ ಪ್ರಯೋಗಕ್ಕೆ ಏಕೆ ಬರಬೇಕು ಎಂದು ಜನ ಕೇಳುತ್ತಿದ್ದಾರೆ ಎಂದು ಅಲ್ಲಿನ ವೈದ್ಯರೇ ಪತ್ರಿಕೆಗಳಿಗೆ ಹೇಳಿದರು. ದೇಶದಲ್ಲಿ ಒಂದು ಡೋಸನ್ನೂ ಕೊಡುವ ಮೊದಲೇ, ಲಸಿಕೆ ಬರುತ್ತದೆ ಎಂಬ ಸುದ್ದಿ ಮಾತ್ರಕ್ಕೆ ಸ್ವಯಂಸೇವಕರು ಹಿಂದೆ ಸರಿದಿದ್ದರು. ಕೊನೆಗೆ 25 ಕೇಂದ್ರಗಳಲ್ಲಿ 25,798 ಮಂದಿ ಸೇರಿದ್ದು 2021ರ ಜನವರಿ 7ರ ಹೊತ್ತಿಗೆ. ಜನವರಿ 16ರಂದು ದೇಶದ ಲಸಿಕಾ ಅಭಿಯಾನ ಆರಂಭವಾಯಿತು. ಒಂಬತ್ತು ದಿನಗಳ ಅಂತರ. ಇನ್ನೆರಡು ತಿಂಗಳು ತಡವಾಗಿದ್ದರೆ ಆ ಪ್ರಯೋಗವನ್ನು ಅದೇ ರೂಪದಲ್ಲಿ ಮುಗಿಸುವುದು ಆಗುತ್ತಿರಲಿಲ್ಲ. ಹುಸಿಮದ್ದಿನ ಸೂಜಿ ಚುಚ್ಚಿಸಿಕೊಂಡ ಅರವತ್ತು ವರ್ಷದವರಿಗೆ, ಹೊರಗೆ ನಿಜವಾದ ಲಸಿಕೆ ಸಿಗುವಾಗ, ಕಾಯಿರಿ ಎನ್ನಲು ಯಾವ ನೈತಿಕ ಸಮಿತಿ ಒಪ್ಪೀತು?

ಹಿಂದೆ ಬಂದ ಲಸಿಕೆಗಳು ಬೇರೆ ಹಾದಿ ಹಿಡಿದವು. ಹೈದರಾಬಾದಿನ ಬಯಲಾಜಿಕಲ್ ಇ ಕಂಪನಿಯ ಕಾರ್ಬೆವ್ಯಾಕ್ಸ್ ಅನ್ನು ಹುಸಿಮದ್ದಿನ ಎದುರು ಅಲ್ಲ, ಕೋವಿಶೀಲ್ಡ್‌ನ ಎದುರು ನಿಲ್ಲಿಸಿದರು. ಎಷ್ಟು ಮಂದಿಗೆ ರೋಗ ಬಂತು ಎಂದು ಎಣಿಸುವ ಬದಲು ರಕ್ತದಲ್ಲಿ ಎಷ್ಟು ಪ್ರತಿಕಾಯ ಹುಟ್ಟಿತು ಎಂದು ಅಳೆದರು. ಉಂಧೇರಾದ ಪ್ರಶ್ನೆ ಹೋಗಿ ಪ್ರಯೋಗಶಾಲೆಯ ಪ್ರಶ್ನೆ ಬಂತು.

ಲಸಿಕೆಗಳ ಪಾಡು ಇದಾದರೆ, ರೋಗ ಬಂದವರಿಗೆ ಕೊಡುವ ಔಷಧದ ಪಾಡು ಇನ್ನೂ ಜಟಿಲ. ಕೋವಿಡ್ ಮಾತ್ರೆ ಮೋಲ್ನುಪಿರಾವಿರ್ ಅನ್ನೇ ನೋಡಿ. ಅದರ ಮುಖ್ಯ ಪ್ರಯೋಗಕ್ಕೆ ಲಸಿಕೆ ಪಡೆಯದ, ಅಪಾಯದ ಲಕ್ಷಣವಿರುವ 1,433 ರೋಗಿಗಳನ್ನು ಆರಿಸಿಕೊಂಡರು. ಹುಸಿಮದ್ದು ಪಡೆದವರಲ್ಲಿ ಶೇ. 9.7ರಷ್ಟು ಮಂದಿ ಆಸ್ಪತ್ರೆ ಸೇರಿದರು ಇಲ್ಲವೇ ಸತ್ತರು, ಮಾತ್ರೆ ಪಡೆದವರಲ್ಲಿ ಶೇ. 6.8. ಆಮೇಲೆ ಬ್ರಿಟನ್ನಿನಲ್ಲಿ ಬಹುತೇಕ ಲಸಿಕೆ ಪಡೆದವರನ್ನೇ ಸೇರಿಸಿಕೊಂಡು 25,000ಕ್ಕೂ ಹೆಚ್ಚು ಮಂದಿಯ ಪ್ರಯೋಗ ನಡೆಯಿತು. ಎರಡೂ ಗುಂಪಿನಲ್ಲಿ ಆಸ್ಪತ್ರೆ ಸೇರಿದವರು ಸುಮಾರು ಶೇ. 1. ವ್ಯತ್ಯಾಸವೇ ಇಲ್ಲ. ಮಾತ್ರೆ ಅದೇ, ಅದನ್ನು ನುಂಗಿದ ಸಮಾಜ ಬೇರೆ.

ಇದರ ಹಿಂದಿನ ಗಣಿತ ಸರಳ. ನೂರು ರೋಗಿಗಳಲ್ಲಿ ಹತ್ತು ಮಂದಿ ಆಸ್ಪತ್ರೆ ಸೇರುವ ಕಡೆ, ಅದನ್ನು ಅರ್ಧಕ್ಕಿಳಿಸುವ ಔಷಧವನ್ನು ನಂಬಿಕೆಯಿಂದ ಗುರುತಿಸಲು ಒಂದೊಂದು ಗುಂಪಿಗೆ ಸುಮಾರು 430 ಮಂದಿ ಸಾಕು. ಲಸಿಕೆಯಿಂದಾಗಿ ನೂರಕ್ಕೆ ಒಬ್ಬರಷ್ಟೇ ಆಸ್ಪತ್ರೆ ಸೇರುವ ಕಡೆ, ಅಷ್ಟೇ ಒಳ್ಳೆಯ ಔಷಧಕ್ಕೆ ಒಂದೊಂದು ಗುಂಪಿಗೆ 4,600ಕ್ಕೂ ಹೆಚ್ಚು ಮಂದಿ ಬೇಕು. ಹತ್ತು ಪಟ್ಟಿಗೂ ಮಿಕ್ಕಿ. ಅಷ್ಟೇ ಪಟ್ಟು ಖರ್ಚು, ಸಮಯ. ಫೈಜರ್ ಕಂಪನಿಯ ಪ್ಯಾಕ್ಸ್‌ಲೋವಿಡ್‌ನ ಕಥೆಯೂ ಹೀಗೆಯೇ: ಲಸಿಕೆ ಪಡೆಯದವರಲ್ಲಿ ನಡೆದ ಪ್ರಯೋಗ ಬೇಗ ಗೆದ್ದಿತು. ಲಸಿಕೆ ಪಡೆದವರನ್ನೂ ಸೇರಿಸಿದ್ದ ಪ್ರಯೋಗಕ್ಕೆ ಹೊಸಬರನ್ನು ಸೇರಿಸಿಕೊಳ್ಳುವುದನ್ನು 2022ರ ಜೂನ್‌ನಲ್ಲಿ ನಿಲ್ಲಿಸಿದರು. ಆಸ್ಪತ್ರೆ ಸೇರುವವರೇ ವಿರಳವಾಗಿದ್ದರು.

ಇಷ್ಟು ತಿಳಿದ ಮೇಲೆ ಕಲಬುರಗಿ ಜಿಲ್ಲೆಯ ನಕ್ಷೆಯನ್ನು ಇನ್ನೊಮ್ಮೆ ನೋಡಬೇಕು. 2021ರಲ್ಲಿ ರಾಜ್ಯದ ಲಸಿಕಾ ಪಟ್ಟಿಯಲ್ಲಿ ಕಲಬುರಗಿ ಹಿಂದುಳಿದ ಜಿಲ್ಲೆಗಳ ಸಾಲಿನಲ್ಲಿತ್ತು. ನಗರದಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜಿದೆ, ಸರ್ಕಾರದ ಜಿಮ್ಸ್ ಇದೆ, ಇಎಸ್‌ಐ ಆಸ್ಪತ್ರೆಯಿದೆ. ನಗರದಿಂದ ಹುಮನಾಬಾದ್ ರಸ್ತೆ ಹಿಡಿದರೆ ಕಮಲಾಪುರ. ಕೆಂಬಾಳೆಗೆ ಹೆಸರಾದ ಊರು, ಈಚೆಗೆ ತಾಲ್ಲೂಕಾದದ್ದು. ಸುತ್ತ ತೊಗರಿ ಹೊಲಗಳು, ಲಂಬಾಣಿ ತಾಂಡಾಗಳು. ಹೊಲದ ಕೆಲಸ ಮುಗಿದರೆ ಮುಂಬಯಿ, ಪುಣೆ, ಹೈದರಾಬಾದಿಗೆ ಗುಳೆ ಹೋಗುವ ಕುಟುಂಬಗಳು.

ಕೋವಿಡ್ ಔಷಧದ ಪ್ರಯೋಗಕ್ಕೆ 2021ರ ಕೊನೆಯಲ್ಲಿ ಎಂಥ ರೋಗಿ ಬೇಕಿತ್ತು? ಲಸಿಕೆ ಪಡೆದಿರಬಾರದು, ವಯಸ್ಸಾಗಿರಬೇಕು ಇಲ್ಲವೇ ಸಕ್ಕರೆ ಕಾಯಿಲೆಯಂಥದ್ದು ಇರಬೇಕು, ಲಕ್ಷಣ ಶುರುವಾಗಿ ಐದು ದಿನ ದಾಟಿರಬಾರದು, ಪರೀಕ್ಷೆಯ ವರದಿ ಕೈಯಲ್ಲಿರಬೇಕು. ಅಂಥ ದೇಹ ಇದ್ದದ್ದು ಕಮಲಾಪುರದ ಕಡೆಯ ತಾಂಡಾದಲ್ಲಿ. ವರದಿ, ವೈದ್ಯ, ನೈತಿಕ ಸಮಿತಿ ಇದ್ದದ್ದು ಕಲಬುರಗಿ ನಗರದಲ್ಲಿ, ಮತ್ತು ಅಂಥ ನಗರಗಳಲ್ಲಿ ಲಸಿಕೆ ಪಡೆಯುವುದು ಸುಲಭವಾಗಿತ್ತು. ರೋಗಿ ಇರುವಲ್ಲಿ ಪ್ರಯೋಗವಿಲ್ಲ, ಪ್ರಯೋಗವಿರುವಲ್ಲಿ ರೋಗಿಯಿಲ್ಲ. ಇನ್ನೂ ಒಂದು ಮಾತಿದೆ. 2021ರ ಜೂನ್-ಜುಲೈನ ರಾಷ್ಟ್ರೀಯ ಸಮೀಕ್ಷೆಯಲ್ಲಿ ಶೇ. 67.6ರಷ್ಟು ಭಾರತೀಯರ ರಕ್ತದಲ್ಲಿ ಕೋವಿಡ್ ಪ್ರತಿಕಾಯ ಕಂಡಿತ್ತು. ಲಸಿಕೆ ತಲುಪದವರನ್ನು ಎರಡನೆಯ ಅಲೆ ತಲುಪಿತ್ತು. ಕಾಗದದ ಮೇಲೆ ಲಸಿಕೆ ಪಡೆಯದವನು ಎಂದಿದ್ದರೂ ಅವನ ದೇಹ ರೋಗವನ್ನು ಆಗಲೇ ಕಂಡಿರುವ ಸಾಧ್ಯತೆ ಹೆಚ್ಚು. ಹುಬ್ಬಳ್ಳಿಯ ಹಾಗೆಯೇ, ಉಳಿದವರು ಯಾರು ಎಂದು ರಿಜಿಸ್ಟರಿಗೆ ಗೊತ್ತಾಗಲಿಲ್ಲ.

ಕಡಿಮೆ ಲಸಿಕೆಯ ಪ್ರದೇಶ ಪ್ರಯೋಗಗಳಿಗೆ ಒಳ್ಳೆಯ ನೆಲ ಎಂಬ ಮಾತನ್ನು ಸಂಶೋಧನೆಯ ಲೆಕ್ಕಾಚಾರದಲ್ಲಿ ಆಡುವುದು ಸುಲಭ. ಅದಕ್ಕೆ ತೆರಬೇಕಾದ ಬೆಲೆಯನ್ನು ಕಲಬುರಗಿಯಿಂದ ಬಹಳ ದೂರವಲ್ಲದ ಖಮ್ಮಂ ಜಿಲ್ಲೆ ಕಂಡಿದೆ. 2009ರಲ್ಲಿ ಪಾಥ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಅಲ್ಲಿ ಸಾವಿರಾರು ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಕೊಡಿಸಿತು. ಅವರಲ್ಲಿ ಬಹಳಷ್ಟು ಮಂದಿ ಆಶ್ರಮ ಶಾಲೆಗಳ ಆದಿವಾಸಿ ವಿದ್ಯಾರ್ಥಿನಿಯರು. ತಂದೆತಾಯಿಯ ಸಹಿ ಇರಬೇಕಾದ ಒಪ್ಪಿಗೆ ಪತ್ರಗಳಲ್ಲಿ ಹಾಸ್ಟೆಲ್ ವಾರ್ಡನ್‌ಗಳ ಸಹಿ ಇತ್ತು. 2010ರಲ್ಲಿ ಆ ಯೋಜನೆ ನಿಂತಿತು, 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಅದನ್ನು ಕಟುವಾಗಿ ಖಂಡಿಸಿತು. ಎಚ್‌ಪಿವಿ ಲಸಿಕೆ ಕೆಟ್ಟದ್ದಲ್ಲ, ಗರ್ಭಕೊರಳಿನ ಕ್ಯಾನ್ಸರನ್ನು ತಡೆಯುವ ಒಳ್ಳೆಯ ಲಸಿಕೆ. ಕೆಟ್ಟದ್ದಾಗಿದ್ದು ಕೇಳುವ ಕ್ರಮ. ಈಗ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳಿವೆ. ಪ್ರಯೋಗವನ್ನು ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸಬೇಕು, ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಇವು ಬಂದದ್ದು ಖಮ್ಮಂನಂಥ ಕಡೆಗಳಿಂದ ಕಲಿತ ಪಾಠದ ಮೇಲೆ.

ಲಸಿಕೆ ಹೆಚ್ಚಿದಷ್ಟೂ ಪ್ರಯೋಗಕ್ಕೆ ಜನ ಸಿಗುವುದು ಕಷ್ಟ ಎಂಬ ದೂರು ಕೇಳಿದಾಗ ಈ ಚರಿತ್ರೆ ನೆನಪಿರಬೇಕು. ಅದು ಲಸಿಕೆಯ ಗೆಲುವಿನಿಂದ ಹುಟ್ಟಿದ ಕಷ್ಟ. ಅದಕ್ಕೆ ಪರಿಹಾರವನ್ನು ವಿಜ್ಞಾನಿಗಳು ಹಿಂದೆಯೂ ಕಂಡುಕೊಂಡಿದ್ದಾರೆ: ಹುಸಿಮದ್ದಿನ ಬದಲು ಇರುವ ಲಸಿಕೆಯ ಜೊತೆ ಹೋಲಿಕೆ, ದೊಡ್ಡ ಪ್ರಯೋಗ, ಲಸಿಕೆ ಪಡೆದವರನ್ನೇ ಸೇರಿಸಿಕೊಳ್ಳುವ ಪ್ರಯೋಗ. ಇವೆಲ್ಲ ದುಬಾರಿ. ಆದರೆ ಕಮಲಾಪುರದ ತಾಂಡಾ ಲಸಿಕೆಯಿಲ್ಲದೆ ಉಳಿಯುವುದು ಅದಕ್ಕಿಂತ ದುಬಾರಿ, ಮತ್ತು ಆ ದುಡ್ಡು ತೆರುವವರು ಔಷಧ ಕಂಪನಿಯವರಲ್ಲ. ನಗರದ ಆಸ್ಪತ್ರೆಗೊಂದು ಪ್ರಯೋಗ ಬಂದು, ಲಸಿಕೆ ಪಡೆಯದವರ ಪಟ್ಟಿ ಕೊಡಿ ಎಂದು ಯಾರಾದರೂ ಆಶಾ ಕಾರ್ಯಕರ್ತೆಯನ್ನು ಕೇಳಿದರೆ, ಆಕೆಯ ಬಳಿ ಆ ಪಟ್ಟಿ ಇರುತ್ತದೆ. ಗುಳೆ ಹೋದವರ ಹೆಸರಿನ ಮುಂದೆ ಗೆರೆ ಎಳೆದ, ಮರಳಿದವರ ಹೆಸರನ್ನು ಮತ್ತೆ ಸೇರಿಸಿದ ಪಟ್ಟಿ. ಆಕೆ ಅದನ್ನು ಬರೆದಿಟ್ಟಿರುವುದು ಮುಂದಿನ ಬುಧವಾರವೋ ಗುರುವಾರವೋ ಅವರ ಬಾಗಿಲಿಗೆ ಸೂಜಿ ತರುವುದಕ್ಕಾಗಿ. 1898ರ ಹುಬ್ಬಳ್ಳಿಯಲ್ಲಿ ಅಂಥ ಪಟ್ಟಿ ಇರಲಿಲ್ಲ. ಅಲ್ಲಿ ಚುಚ್ಚಿಸಿಕೊಳ್ಳದೆ ಸತ್ತವರು ವಾರದ ಅಂಕಣದಲ್ಲಿ ಒಂದು ಸಂಖ್ಯೆಯಾಗಿ ಉಳಿದರು, ಆ ಸಂಖ್ಯೆಯೂ ಸರಿಯಿದೆಯೇ ಎಂದು ಆಯೋಗ ಅನುಮಾನಿಸಿತು.